ಅಡ್ಡ ತಗಡು

ಸಾವಿನ ದಿನದ ಊಟದಲ್ಲಿ ಜನ ನಕ್ಕಿದ್ದನ್ನು ಬರೆಯಬಹುದೋ ಬಾರದೋ ತಿಳಿಯದು. ತಿಳಿದವರಾಗಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದರು. ಆದರೆ ಅಂಥವರು ಆ ದಿನ ಅಲ್ಲಿರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೋಟೆಲಿನ ಅಡುಗೆಮನೆಯಲ್ಲಿ ನೆಲದ ಜಾಲರಿಯೊಳಗಿಂದ ಬೂದುಬಣ್ಣದ ನೀರು ಉಕ್ಕುತ್ತಿತ್ತು. ಹಿರಿಯ ಅಡುಗೆಯವನು ಒಂದು ಕಾಲಿನಿಂದ ಜಾಲರಿಯ ಮೇಲೆ ಗೋಣಿಚೀಲವನ್ನು ಒತ್ತಿ ಹಿಡಿದು, ಕೈಯಲ್ಲಿ ಬಾಣಲೆಯ ಆಲೂಗಡ್ಡೆ ಮಗುಚುತ್ತಿದ್ದ. ಪಾತ್ರೆ ತೊಳೆಯುವಾಕೆ ನಲ್ಲಿ ನಿಲ್ಲಿಸಿ ಕೂಗಿದಳು:

"ಅಣ್ಣಾ, ನನ್ನ ಚಪ್ಪಲಿ ತೇಲ್ತಾ ಇದೆ! ಜಿಡ್ಡಪ್ಪಂಗೆ ಫೋನ್ ಮಾಡಿ, ಬೇಗ!"

ಅವನು ಮಾಡಿಯೇಬಿಟ್ಟ. ಮೂವತ್ತು ವರ್ಷದಿಂದ ನೀರು ಉಕ್ಕಿದಾಗಲೆಲ್ಲ ಮಾಡಿದ ಕೆಲಸ ಅದು. ಯೋಚಿಸುವ ಮೊದಲೇ ಬೆರಳು ಒತ್ತಿತ್ತು.

ಆಚೆ ಊಟದ ಕೋಣೆಯಲ್ಲಿ ಮಗಳ ಚೀಲದೊಳಗೆ ಫೋನು ಹೊಡೆದುಕೊಂಡಿತು. ಅಪ್ಪನ ಫೋನು. ಬೆಳಿಗ್ಗೆ ಸ್ಮಶಾನಕ್ಕೆ ಹೊರಡುವಾಗ ಎಲ್ಲಿಡುವುದೆಂದು ತೋಚದೆ ಚೀಲಕ್ಕೆ ಹಾಕಿಕೊಂಡಿದ್ದಳು.

"ಎಲ್ಲಿದ್ದೀಯ ಮಾರಾಯಾ? ಬೇಗ ಬಾ. ನೀರು ಉಕ್ತಾ ಇದೆ, ಹೊರಗೆ ಮೂವತ್ತು ಜನ ಊಟಕ್ಕೆ ಕೂತಿದ್ದಾರೆ..." ದನಿ ಅಲ್ಲಿಗೇ ನಿಂತಿತು. ಯಾರ ಸಲುವಾಗಿ ಕೂತಿದ್ದಾರೆ ಎಂಬುದು ಆಗ ಹೊಳೆದಿರಬೇಕು. "ಅಯ್ಯೋ ತಾಯಿ. ನನ್ನ ಬುದ್ಧಿಗಿಷ್ಟು."

"ಬಂದೆ ಮಾವ," ಎಂದಳು ಮಗಳು. ಅಪ್ಪನೂ ಅಷ್ಟೇ ಹೇಳುತ್ತಿದ್ದ, ಬಂದೆ ಅಂತ. ಎಷ್ಟು ಹೊತ್ತಿಗೆ, ಯಾಕೆ, ಏನಾಗಿದೆ ಎಂದೆಲ್ಲ ಕೇಳುತ್ತಿರಲಿಲ್ಲ.

ಜಿಡ್ಡಪ್ಪ ಅಪ್ಪನ ನಿಜವಾದ ಹೆಸರಲ್ಲ, ಅಡುಗೆಮನೆಯವರು ಇಟ್ಟದ್ದು. ಹೋಟೆಲಿನಲ್ಲಿ ಪಾತ್ರೆ ತೊಳೆದ ನೀರು ಚರಂಡಿ ಸೇರುವ ಮೊದಲು ನೆಲದೊಳಗಿನ ಒಂದು ಕಬ್ಬಿಣದ ತೊಟ್ಟಿಯನ್ನು ಹಾದುಹೋಗಬೇಕು. ಎಣ್ಣೆ, ಕೊಬ್ಬು ಅಲ್ಲಿ ತೇಲಿ ನಿಲ್ಲುತ್ತವೆ. ನೀರು ಮುಂದೆ ಹೋಗುತ್ತದೆ. ಅದನ್ನು ಜಿಡ್ಡಿನ ತೊಟ್ಟಿ ಎನ್ನುತ್ತಾರೆ. ತಿಂಗಳಿಗೊಮ್ಮೆ ಬಗ್ಗಿ, ಮೊಗೆದು, ಕೆರೆದು, ತೊಳೆಯುವವರು ಬೇಕು. ಅಪ್ಪ ಅದನ್ನು ಮಾಡುತ್ತಿದ್ದ. ಆರು ವರ್ಷದಿಂದ ಮಗಳೂ ಜೊತೆಗಿದ್ದಳು.

ಅವಳು ಎದ್ದಳು. ಎದುರಿನ ಸಾಲಿನಲ್ಲಿ ಹೋಟೆಲಿನ ಯಜಮಾನರು ಅವಳ ಅಮ್ಮನ ಪಕ್ಕ ಕೂತಿದ್ದರು. ಈ ಊಟ ಅವರದ್ದೇ. "ಜಿಡ್ಡಪ್ಪನ ಕಡೆಯವರು ಇವತ್ತು ಬೇರೆ ಎಲ್ಲೂ ಉಣ್ಣಬಾರದು" ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ಒಳ್ಳೆಯವರು. ಆದರೆ ಅಪ್ಪ ಹಾಸಿಗೆ ಹಿಡಿದ ವಾರವೇ ಅವರು ಟ್ಯಾಂಕರ್ ಲಾರಿ ಇರುವ ಒಂದು ಕಂಪನಿಯ ಜೊತೆ ಮಾತಾಡಿದ್ದರು. ಸೋಮವಾರ ಕಂಪನಿಯವರು ಸಹಿಗೆ ಬರುವವರಿದ್ದರು. ಈ ಹೋಟೆಲು ಹೋದರೆ ಬೇಕರಿಯೂ ಹೋಗುತ್ತದೆ, ಆಸ್ಪತ್ರೆಯ ಕ್ಯಾಂಟೀನೂ ಹೋಗುತ್ತದೆ, ಅಪ್ಪ ನೋಡಿಕೊಳ್ಳುತ್ತಿದ್ದ ಒಂಬತ್ತು ಅಡುಗೆಮನೆಗಳೂ ಹೋಗುತ್ತವೆ. ದೊಡ್ಡವರು ನಡೆದದ್ದೇ ದಾರಿ. 'ನನಗೇ ಬಿಡಿ, ನಾನು ನೋಡಿಕೊಳ್ಳುತ್ತೇನೆ' ಎಂಬ ಮಾತು ಬೆಳಿಗ್ಗೆಯಿಂದ ಅವಳ ನಾಲಗೆಯ ತುದಿಯಲ್ಲೇ ಇತ್ತು. ಅಪ್ಪನ ಬೂದಿ ಆರುವ ಮೊದಲೇ ಕೆಲಸ ಕೇಳಿದಳು ಎಂದಾರು ಎಂದು ಬಾಯಿ ಬಿಟ್ಟಿರಲಿಲ್ಲ.

ಅವಳು ದಾಟಿಹೋಗುವಾಗ ಬೇಕರಿ ನಡೆಸುವಾಕೆ ಅಮ್ಮನನ್ನು ಕೇಳುತ್ತಿದ್ದಳು: "ಅಲ್ಲ ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಷ್ಟು ವರ್ಷ ಆ ವಾಸನೆ ಜೊತೆ ಹೇಗೆ ಬಾಳಿದ್ರಿ?"

"ಹುಡುಗಿ ನೋಡೋಕೆ ಬಂದಾಗ ಪಾಪ, ಬಾಗಿಲಲ್ಲೇ ನಿಂತ್ಬಿಟ್ರು. ಒಳಗೆ ಬರೋಕೆ ನಾಚಿಕೆ. ನನಗೆ ಚಿಕ್ಕಂದಿನಿಂದ ಮೂಗಿಗೆ ವಾಸನೇನೇ ಹತ್ತಲ್ಲ ಅಂದ್ಬಿಟ್ಟೆ."

"ನಿಮಗಾ? ಬೀದಿ ಕೊನೇಲಿ ಬ್ರೆಡ್ ಸೀದ್ರೆ ಮನೇಲಿ ಕೂತು ಹೇಳ್ತೀರಲ್ಲ!"

"ಅವ್ರ ಮುಂದೆ ಯಾವತ್ತಾದ್ರೂ ಹೇಳಿದ್ದೀನಾ?" ಎಂದು ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಕುಲುಕುತ್ತಿತ್ತು.

*

ಆರು ವರ್ಷದ ಹಿಂದೆ ಮಗಳು ಚಪ್ಪಲಿ ಅಂಗಡಿಯ ಕೆಲಸ ಬಿಟ್ಟು ಬಂದು, "ನಿನ್ನ ಜೊತೆ ಬರ್ತೀನಪ್ಪ" ಎಂದಾಗ ಅಪ್ಪ ಬೇಡವೆನ್ನಲಿಲ್ಲ. ಒಂದು ಉದ್ದನೆ ಕೋಲು ಕೈಗೆ ಕೊಟ್ಟು ಇದೇ ತೊಟ್ಟಿಯ ಮುಂದೆ ನಿಲ್ಲಿಸಿದ.

"ಅದ್ದಿ ತೆಗಿ. ಎಷ್ಟು ಜಿಡ್ಡು, ಎಷ್ಟು ನೀರು, ತಳದಲ್ಲಿ ಎಷ್ಟು ಗಸಿ?"

ಅವಳು ಕೋಲಿನ ಮೇಲಿನ ಗೆರೆಗಳನ್ನು ನೋಡಿ ಹೇಳಿದಳು.

"ಜಿಡ್ಡು, ಗಸಿ ಸೇರಿ ಕಾಲುಭಾಗ ದಾಟಿತು ಅಂದ್ರೆ ತೆಗೀಬೇಕು. ಬಿಸಿನೀರು ಸುರಿ ಅಂತ ಯಾರಾದ್ರೂ ಬುದ್ಧಿವಂತ್ರು ಹೇಳ್ತಾರೆ, ನಂಬ್ಬೇಡ. ಕರಗಿದ್ದು ಮುಂದೆ ಪೈಪಲ್ಲಿ ಹೋಗಿ ಮತ್ತೆ ಕಲ್ಲಾಗುತ್ತೆ. ನಮ್ಮ ಮನೆ ಕಸ ಪಕ್ಕದ ಮನೆಗೆ ಗುಡಿಸಿದ ಹಾಗೆ."

ಕೊನೆಯಲ್ಲಿ ತೊಟ್ಟಿಯ ನಡುವೆ ನಿಲ್ಲುವ ಅಡ್ಡ ತಗಡನ್ನು ಎತ್ತಿ ತೋರಿಸಿದ. ಅದರ ಒಂದು ಅಂಚಿನಲ್ಲಿ ಕಿಂಡಿ ಕೊರೆದಿತ್ತು.

"ಕಿಂಡಿ ಯಾವಾಗ್ಲೂ ಕೆಳಗೆ. ನೀರು ಕೆಳಗಿಂದ ನುಸುಳಿ ಹೋಗ್ಬೇಕು, ಜಿಡ್ಡು ಮೇಲೆ ಕೂತು ಬೇಸರ ಪಟ್ಕೋಬೇಕು. ತಲೆಕೆಳಗೆ ಹಾಕಿದ್ಯೋ, ಜಿಡ್ಡೆಲ್ಲ ಮದುವೆ ದಿಬ್ಬಣದ ಹಾಗೆ ಸೀದಾ ಪೈಪಿನೊಳಗೆ. ಮೊದಲ ದಿನ ಏನೂ ಗೊತ್ತಾಗಲ್ಲ. ತಿಂಗಳು ಕಳೀಲಿ, ಆಗ ನೋಡು."

"ಮೇಲಿನ ಅಂಚಿಗೆ ಒಂಚೂರು ಕೆಂಪು ಬಣ್ಣ ಬಳಿದ್ರೆ?"

"ಮೂಗಿನ ಮೇಲೆ ಮೂಗು ಅಂತ ಬರ್ಕೋತಾರಾ?"

ಅಂದಿನಿಂದ ಮೊಗೆಯುವುದು, ಕೆರೆಯುವುದು, ಮುಚ್ಚಳ ತೊಳೆಯುವುದು ಎಲ್ಲ ಅವಳದಾಯಿತು. ತಗಡು ಕೂರಿಸುವುದು ಮಾತ್ರ ಅಪ್ಪನ ಹಕ್ಕು. ಅದು ಕೂತಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಮಲಗು" ಎನ್ನುತ್ತಿದ್ದ.

*

"ಸೀರೆ ಹಾಳಾಗುತ್ತೆ ತಾಯಿ," ಎಂದ ಅಡುಗೆಯವನು.

"ಒಗೆದ್ರೆ ಹೋಗುತ್ತೆ. ಒಲೆ ಆರಿಸಿ ಮಾವ, ಬಕೆಟ್ ಕೊಡಿ. ಕಿಟಕಿ ಪೂರ್ತಿ ತೆಗೀರಿ."

ಅವಳು ಸೆರಗು ಸುತ್ತಿ ಸಿಕ್ಕಿಸಿ, ಪಾತ್ರೆ ತೊಳೆಯುವಾಕೆಯ ರಬ್ಬರ್ ಕೈಗವಸು ಹಾಕಿಕೊಂಡು ಮುಚ್ಚಳದ ಬೋಲ್ಟು ಬಿಚ್ಚಿದಳು. ಮೊಗೆದು ಮೊಗೆದು ನೀರು ಇಳಿದಾಗ ತಗಡಿನ ಮೇಲಂಚು ಕಾಣಿಸಿತು.

ಕಿಂಡಿ ಮೇಲಿತ್ತು.

ಅವಳು ಕಣ್ಣು ಮುಚ್ಚಿ ತೆರೆದಳು. ಕಿಂಡಿ ಮೇಲೆಯೇ ಇತ್ತು.

*

ಹೋದ ತಿಂಗಳು ಇಲ್ಲಿಗೆ ಬಂದದ್ದೇ ಅಪ್ಪನ ಕೊನೆಯ ಕೆಲಸ. ಅವಳು ಹಿತ್ತಲ ಬಾಗಿಲಲ್ಲಿ ಕೂತು ಮುಚ್ಚಳ ತೊಳೆಯುತ್ತಿದ್ದಳು. ಬೆನ್ನ ಹಿಂದೆ ತಗಡು ತೊಟ್ಟಿಯ ಗೋಡೆಯ ಸೀಳಿಗೆ ಸಿಗದೆ ಒಮ್ಮೆ ಕರಕರ ಎಂದಿತು, ಇನ್ನೊಮ್ಮೆ ಎಂದಿತು. ಅಪ್ಪನ ಕೈ ನಡುಗುವುದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಿದ್ದರೆ ತಗಡು ಕಾಣುತ್ತಿತ್ತು. ಆದರೆ ಅವಳು ತಿರುಗಿ ನೋಡಿದ್ದು ಅಪ್ಪನಿಗೂ ಕಾಣುತ್ತಿತ್ತು. ಅವಳು ಮುಚ್ಚಳವನ್ನೇ ಇನ್ನೊಂದು ಸಲ ತಿಕ್ಕಿದಳು. ಆಮೇಲೆ ಎರಡು ಸಲ ತಟ್ಟಿದ್ದು ಕೇಳಿಸಿತು. "ಮಲಗು."

*

"ಏನಮ್ಮಾ, ಏನಾಗಿದೆ?"

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಹಿಂದೆಯೇ ಬೇಕರಿಯಾಕೆ, ಆಸ್ಪತ್ರೆಯ ಕ್ಯಾಂಟೀನ್ ನಡೆಸುವ ಸಣಕಲು ಮನುಷ್ಯ, ಅವರ ಹಿಂದೆ ಅಮ್ಮ.

"ಅಡ್ಡ ತಗಡು ತಲೆಕೆಳಗಿದೆ ಸಾರ್. ಜಿಡ್ಡು ಪೈಪಿಗೆ ಹೋಗಿ ಕಟ್ಕೊಂಡಿದೆ."

"ಹೋದ ತಿಂಗಳು ತಾನೇ ತೊಳೆದಿದ್ದು? ತಗಡು ಹಾಕಿದ್ದು ಯಾರು?"

ಅದೇ ಬೆಳಿಗ್ಗೆ ಸ್ಮಶಾನದಲ್ಲಿ ಯಜಮಾನರು ಎಲ್ಲರ ಎದುರು ಹೇಳಿದ್ದರು: 'ಮೂವತ್ತು ವರ್ಷ. ಒಂದು ದಿನವೂ ತಪ್ಪಿದ ಕೈಯಲ್ಲ.' ಅಮ್ಮ ಆ ಮಾತನ್ನು ಮನೆಗೆ ಬರುವ ದಾರಿಯುದ್ದಕ್ಕೂ ಮೂರು ಸಲ ತಾನೇ ಹೇಳಿಕೊಂಡಿದ್ದಳು.

ಅಪ್ಪ ಎಂದರೆ ಆ ಮಾತು ಹೋಗುತ್ತದೆ. ನಾನು ಎಂದರೆ ಸೋಮವಾರ ಕಂಪನಿ ಬರುತ್ತದೆ.

"ನಾನೇ ಸಾರ್," ಎಂದಳು. "ಅವತ್ತು ಅಪ್ಪ ಕೂತಿದ್ರು. ತಗಡು ನಾನು ಹಾಕಿದ್ದು."

ಯಜಮಾನರು ಗಲ್ಲ ಕೆರೆದುಕೊಂಡರು. ಅವರಿಗೂ ಬೇಸರವಾದಂತಿತ್ತು. "ನೋಡಮ್ಮ, ಇವತ್ತಿನ ದಿನ ಆಡೋ ಮಾತಲ್ಲ. ಆದ್ರೂ ಇದಕ್ಕೇ ನಾನು ಆ ಕಂಪನಿಯವರನ್ನ..."

"ಸುಳ್ಳು ಸಾರ್," ಎಂದ ಅಡುಗೆಯವನು.

ಎಲ್ಲರೂ ತಿರುಗಿದರು. ಅವನು ಜಾಲರಿಯ ಮೇಲಿನ ಗೋಣಿಚೀಲದಿಂದ ಕಾಲು ತೆಗೆದಿರಲಿಲ್ಲ.

"ತಗಡು ಹಾಕಿದ್ದು ಜಿಡ್ಡಪ್ಪನೇ. ಒಂದು ವರ್ಷದಿಂದ ಹೀಗೇ. ಅವನು ಅತ್ಲಾಗೆ ಹೋದ ಮೇಲೆ ನಾನು ಮುಚ್ಚಳ ತೆಗೆದು ನೋಡ್ತಿದ್ದೆ. ನಾಲ್ಕು ಸಲ ತಲೆಕೆಳಗಿತ್ತು. ನಾನೇ ತಿರುಗಿಸಿ ಹಾಕ್ದೆ."

"ಮತ್ತೆ ಹೋದ ತಿಂಗಳು?"

"ಹಲ್ಲು ಕೀಳಿಸ್ಕೊಳ್ಳೋಕೆ ರಜ ಹಾಕಿದ್ನಲ್ಲ ಸಾರ್."

ಯಜಮಾನರು ಅವನ ಕೈಗಳನ್ನೇ ನೋಡಿದರು. "ತೊಟ್ಟಿಗೆ ಕೈ ಹಾಕಿ ಅದೇ ಕೈಯಲ್ಲಿ ಅಡುಗೆ ಮಾಡಿದ್ಯಾ?"

"ತೊಳ್ಕೊಂಡೆ ಸಾರ್! ಸೋಪು ಹಾಕಿ! ಎರಡು ಸಲ!"

ಬೇಕರಿಯಾಕೆಯ ಬಾಯಿಂದ ಪುಸಕ್ಕನೆ ಏನೋ ಹೊರಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ನಿಮ್ಮಲ್ಲೂನಾ? ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ. ಮುಚ್ಚಳದ ರಬ್ಬರ್ ಪಟ್ಟಿ ಹಾಕೋದೇ ಮರೀತಿದ್ರು. ಒಂದು ಸಲ ಒಲೆ ಕೆಳಗೆ ಸಿಕ್ತು, ಇನ್ನೊಂದು ಸಲ ಹಿಟ್ಟಿನ ಡಬ್ಬದ ಪಕ್ಕ. ಬಾಗಿಲು ಹಾಕ್ಕೊಂಡು ನಾನೇ ಕೂರಿಸ್ದೆ. ನನ್ನ ಗಂಡಂಗೂ ಹೇಳಿಲ್ಲ."

ಈಗ ಎಲ್ಲರೂ ಕ್ಯಾಂಟೀನಿನವನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ.

"ನಾನು ಡಾಕ್ಟ್ರ ಕೈಗವಸು ಹಾಕ್ಕೊಂಡೆ," ಎಂದ. "ಬಾಯಿಗೆ ಬಟ್ಟೆ ಕಟ್ಕೊಂಡು, ಟಾರ್ಚ್ ಹಿಡ್ಕೊಂಡು ತಗಡು ತಿರುಗಿಸ್ದೆ. ನಮ್ಮ ನರ್ಸಮ್ಮ ನೋಡಿ, ಪೇಷಂಟ್ ಬದುಕಿದ್ದಾರಾ ಅಂತ ಕೇಳಿದ್ರು."

ಅಮ್ಮನೇ ಮೊದಲು ನಕ್ಕದ್ದು. ಗಂಡನನ್ನು ಕಳಿಸಿ ಬಂದು ಮೂರು ಗಂಟೆಯೂ ಆಗಿರಲಿಲ್ಲ; ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ಅಡುಗೆಯವನು ನಕ್ಕು ಕಾಲು ಜಾರಿ, ಗೋಣಿಚೀಲ ಪಕ್ಕಕ್ಕೆ ಸರಿದು, ನೀರು ಯಜಮಾನರ ಬೂಟಿನೊಳಗೆ ಹೋಯಿತು.

"ಅಂದ್ರೆ," ಎಂದರು ಯಜಮಾನರು ಒಂದು ಕಾಲು ಎತ್ತಿ ನಿಂತು, "ಇಷ್ಟು ಜನರಲ್ಲಿ ಗೊತ್ತಿಲ್ಲದೋನು ನಾನೊಬ್ಬನೇನಾ?"

"ನಿಮಗೆ ಗೊತ್ತಾಗಿದ್ರೆ ಆಗ್ಲೇ ಕಂಪನಿ ಕರೀತಿದ್ರಿ ಸಾರ್," ಎಂದ ಅಡುಗೆಯವನು.

ಯಜಮಾನರು ತೊಟ್ಟಿಯನ್ನೂ ಬೂಟನ್ನೂ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿ ಬೇಕರಿಯಾಕೆಯ ಕೈಗೆ ಕೊಟ್ಟು ಅಂಗಿಯ ತೋಳು ಮಡಚತೊಡಗಿದರು.

"ಎಲ್ಲರೂ ಕೈ ಹಾಕಿದ್ದಾರೆ. ನನಗೂ ಹೇಳಿಕೊಡು. ಎಲ್ಲಿ ಹಿಡೀಬೇಕು?"

"ಮೊದಲು ಪೈಪು ಸಾರ್," ಎಂದಳು ಮಗಳು. ತಗಡು ಎಳೆದು ತೆಗೆದು, ಅಪ್ಪ ಹಿತ್ತಲಲ್ಲಿ ಇಡುತ್ತಿದ್ದ ಬಾಗುವ ತಂತಿಯನ್ನು ಆಚೆಯ ಪೈಪಿನೊಳಕ್ಕೆ ತಿರುವುತ್ತಾ ತಿರುವುತ್ತಾ ಹೋದಳು. ಮೂರು ಮೊಳ ಹೋದ ಮೇಲೆ ಏನೋ ಗಟ್ಟಿಯಾಗಿ ತಡೆಯಿತು, ಆಮೇಲೆ ಬಿಟ್ಟುಕೊಟ್ಟಿತು. ಮೇಣದಬತ್ತಿಯಂಥ ಬಿಳಿ ತುಂಡೊಂದು ತಂತಿಗೆ ಅಂಟಿಕೊಂಡು ಬಂತು. ಅಡುಗೆಮನೆಯ ನೀರು ಗೊಳಕ್ಕೆಂದು ಒಂದೇ ಗುಟುಕಿಗೆ ಇಳಿಯಿತು. ಪಾತ್ರೆ ತೊಳೆಯುವಾಕೆಯ ಚಪ್ಪಲಿ ನೆಲಕ್ಕೆ ಬಂದು ನಿಂತಿತು.

ಯಜಮಾನರು ಮೊಣಕಾಲೂರಿ ತಗಡು ಹಿಡಿದರು, ಅವಳು ಅದನ್ನು ಸೀಳಿಗೆ ಇಳಿಸಿದಳು. ಆರು ವರ್ಷದಲ್ಲಿ ಮೊದಲ ಸಲ.

"ಕಿಂಡಿ ಎಲ್ಲಿದೆ ಹೇಳಿ ಸಾರ್."

"ಕೆಳಗೆ."

"ಕೈಯಿಂದ ಮುಟ್ಟಿ ನೋಡಿ ಹೇಳಿ."

ಅವರು ಮುಖ ಸಿಂಡರಿಸಿ ಮುಟ್ಟಿದರು. "ಕೆಳಗಿದೆಯಮ್ಮ! ಪರೀಕ್ಷೆ ಮಾಡ್ತೀಯಲ್ಲ, ನಿಮ್ಮಪ್ಪನಿಗಿಂತ ಜೋರು ನೀನು." ಎದ್ದು ಕೈ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಸೋಮವಾರ ಕಂಪನಿಯವ್ರು ಬಂದ್ರೆ ಚಹಾ ಕೊಟ್ಟು ಕಳಿಸ್ತೀನಿ. ಆದ್ರೆ ಒಂದು ಮಾತು. ಇನ್ಮೇಲೆ ತಪ್ಪಾದ್ರೆ ನನಗೆ ಹೇಳ್ಬೇಕು. ಮಾಡಿದವರೇ ಹೇಳ್ಬೇಕು."

"ಹೇಳ್ತೀನಿ ಸಾರ್," ಎಂದಳು.

ಒಲೆ ಮತ್ತೆ ಹತ್ತಿತು. ಆಲೂಗಡ್ಡೆ ಮೆತ್ತಗಾಗಿತ್ತು, ಯಾರೂ ದೂರಲಿಲ್ಲ. ಅಮ್ಮ ಅಡುಗೆಮನೆಯಲ್ಲೇ ಒಂದು ಸ್ಟೂಲಿನ ಮೇಲೆ ಕೂತಳು.

"ನನಗೊಂದು ಅರ್ಥ ಆಗ್ತಿಲ್ಲ," ಎಂದಳು. "ಈ ಒಂದು ವರ್ಷ, ಕೆಲಸ ಮುಗಿಸಿದ ಮಾರನೇ ದಿನ ಬೆಳಿಗ್ಗೆ ಒಗೆದ ಶರ್ಟು ಹಾಕ್ಕೊಂಡು ಹೊರಡೋರು. ಎಲ್ಲಿಗ್ರೀ ಅಂದ್ರೆ, ಸುಮ್ನೆ ಒಂದು ಚಹಾ ಕುಡ್ಕೊಂಡು ಬರ್ತೀನಿ ಅನ್ನೋರು."

"ಹೌದು, ಬರ್ತಿದ್ದ," ಎಂದ ಅಡುಗೆಯವನು. "ಎಲ್ಲ ಸರಿ ಇದೆಯಾ ಅಂತ ಕೇಳ್ತಿದ್ದ. ಸರಿ ಇಲ್ದೆ ಏನು, ನಿನ್ನ ಕೈ ಬಿದ್ದ ಮೇಲೆ ಅಂತಿದ್ದೆ. ನಗ್ತಿದ್ದ."

"ನಮ್ಮಲ್ಲಿಗೂ ಬರ್ತಿದ್ರು," ಎಂದಳು ಬೇಕರಿಯಾಕೆ. ಕ್ಯಾಂಟೀನಿನವನೂ ಹೌದೆಂದು ತಲೆಯಾಡಿಸಿದ.

ಅಪ್ಪ ಗೊತ್ತಿದ್ದೇ ಬರುತ್ತಿದ್ದನೇ? ತಾನು ಹೋದಮೇಲೆ ಯಾರೋ ಸರಿಮಾಡುತ್ತಾರೆಂದು ತಿಳಿದು, ಅದಕ್ಕೆ ಬೇರೆ ಮಾತು ಸಿಗದೆ ಚಹಾ ಕುಡಿದು ಹೋಗುತ್ತಿದ್ದನೇ? ಇಲ್ಲವೇ ಬರೀ ಚಹಾಕ್ಕೇ ಬರುತ್ತಿದ್ದನೇ? ಆ ದಿನ ಎಲ್ಲರೂ ತಮತಮಗೆ ತೋಚಿದ್ದು ಹೇಳಿದರು. ಅಮ್ಮನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ.

ಅಡುಗೆಯವನು ಹೇಳಿದ್ದು ಇಷ್ಟು: ಚಹಾ ಮುಗಿದ ಮೇಲೆ ಜಿಡ್ಡಪ್ಪ ಲೋಟವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ನಲ್ಲಿಯ ಕೆಳಗೆ ಹಿಡಿದು ತೊಳೆದು, ಬೋರಲು ಹಾಕಿ, ಆ ಲೋಟದಷ್ಟು ನೀರು ಪೂರ್ತಿ ಇಳಿದುಹೋಗುವವರೆಗೆ ಬಗ್ಗಿ ನೋಡುತ್ತಾ ನಿಂತಿರುತ್ತಿದ್ದ.