ನೂರಾ ಹನ್ನೆರಡು ಹೆಜ್ಜೆ

ನಡೆಯುತ್ತಿರುವಾಗ ಆಕೆಗೆ ನಮಸ್ಕಾರ ಹೇಳಿದವರು ಉತ್ತರಕ್ಕೆ ಕಾಯಬೇಕಾಗುತ್ತಿತ್ತು. ತುಟಿ ಸಣ್ಣಗೆ ಅಲುಗುತ್ತಿದ್ದಂತೆಯೇ ತೋರುಬೆರಳನ್ನೆತ್ತಿ ‘ತಾಳಿ’ ಎಂದು ಸನ್ನೆ ಮಾಡಿ, ನಮ್ಮ ಕಟ್ಟಡದ ನೀಳವಾದ ಕಾರಿಡಾರಿನ ಕೊನೆಯ ಕಿಟಕಿಯನ್ನು ಮುಟ್ಟಿ, ಹಿಂತಿರುಗಿ ಬಂದ ಮೇಲೆಯೇ ಮಾತು. ಹೊಸ ಕುಲಪತಿಗಳು ಮೊದಲ ದಿನ ಎದುರಾದಾಗಲೂ ಇದೇ ಉಪಚಾರ. ಅವರು ಮುಗಿದ ಕೈ ಇಳಿಸಲಾರದೆ ನಿಂತೇ ಇದ್ದರು; ಈಕೆ ಹೋಗಿ ಬಂದು, “ನಮಸ್ಕಾರ ಸರ್. ನೂರಾ ಹನ್ನೆರಡು” ಎಂದರು. ವಿದ್ಯಾರ್ಥಿಗಳು ಹೆಜ್ಜೆ ಮೇಡಂ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಪಕ್ಕದ ಕೋಣೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನಂತೂ, ನಿನ್ನೆಗಿಂತ ಇವತ್ತೇನಾದರೂ ಉದ್ದವಾಗಿದೆಯೇ ಎಂದು ಹದಿನೆಂಟು ವರ್ಷ ಚುಡಾಯಿಸಿದೆ. ಆಕೆ ನಕ್ಕು ತರಗತಿಗೆ ನಡೆಯುತ್ತಿದ್ದರು.

ಕುಳ್ಳಗಿನ ಮೈಕಟ್ಟು, ಅದರ ಮೇಲೆ ಸರ್ವೇಯರಾಗಿದ್ದ ತಂದೆಯ ಹಳೆಯ ಕೋಟು. ತೋಳು ಮಡಚಿ, ಜೇಬುಗಳಲ್ಲಿ ಬಣ್ಣದ ಪೆನ್ಸಿಲ್ಲು, ಅಳತೆಯ ಟೇಪು, ಒಣಗಿದ ಮಣ್ಣಿನ ಪೊಟ್ಟಣಗಳನ್ನು ತುಂಬಿಕೊಂಡು ಆಕೆ ತರಗತಿಗೆ ಬಂದರೆ, ಪಾಠಕ್ಕೆ ಬಂದರೋ ಗುಳೆ ಹೊರಟರೋ ಎಂದು ಅನುಮಾನ ಬರಬೇಕು. ಕಲಿಸುತ್ತಿದ್ದದ್ದು ಭೂಗೋಳ, ಅದರಲ್ಲೂ ಭೂಬಳಕೆಯ ಯೋಜನೆ: ಊರಿನ ಯಾವ ತುಂಡು ನೆಲ ಯಾವುದಕ್ಕೆ ಒದಗುತ್ತಿದೆ, ಮುಂದೆ ಯಾವುದಕ್ಕೆ ಒದಗಬೇಕು ಎಂಬ ವಿದ್ಯೆ. ಉಪಗ್ರಹದ ಚಿತ್ರ ನೋಡಿ ಉತ್ತರ ಹೇಳಿದವರಿಗೆ, “ಕಾಲನ್ನ ಕೇಳಿದ್ರಾ?” ಎನ್ನುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆಕೆಯ ಪಾಲಿಗೆ ಪಠ್ಯಪುಸ್ತಕವೇ ಆಗಿತ್ತು. ನಕ್ಷೆಯಲ್ಲಿ ‘ಖಾಲಿ’ ಎಂಬ ಪದ ಕಂಡರೆ ಮಾತ್ರ, ಸ್ವಭಾವತಃ ಶಾಂತವಾದ ಆ ಮುಖ ಬಿಗಿದುಕೊಳ್ಳುತ್ತಿತ್ತು.

ಆಕೆಯ ನಿವೃತ್ತಿಯ ವರ್ಷ, ನಗರ ಯೋಜನಾ ಕಚೇರಿ ಒಂದು ಬಡಾವಣೆಯ ಭೂಬಳಕೆ ನಕ್ಷೆಯನ್ನು ವಿಭಾಗಕ್ಕೆ ವಹಿಸಿತು. ಮಾಡಿದವಳು ಕೊನೆಯ ವರ್ಷದ ಅತ್ಯಂತ ಚುರುಕಾದ ಹುಡುಗಿ. ಶುಕ್ರವಾರದೊಳಗೆ ಮೇಡಂ ಸಹಿಯೊಂದಿಗೆ ನಕ್ಷೆ ಮುಟ್ಟಿಸಿದರೆ ಅದೇ ಕಚೇರಿಯಲ್ಲಿ ಅವಳಿಗೆ ಕೆಲಸ ಎಂದು ಮಾತಾಗಿತ್ತು. ಮನೆಯಲ್ಲಿ ಅವಳ ಅಕ್ಕ ಆಗಲೇ ಸಿಹಿ ಹಂಚಿ ಮುಗಿಸಿದ್ದಳು. ಗುರುವಾರ ಬೆಳಿಗ್ಗೆ ಮೇಡಂ ಪೆನ್ನು ಬಿಚ್ಚಿದವರು, ಆಸ್ಪತ್ರೆಯ ಹಿಂದಿನ ಒಂದು ತ್ರಿಕೋನದ ಮೇಲೆ ಬೆರಳಿಟ್ಟು ನಿಂತುಬಿಟ್ಟರು. ಅಲ್ಲಿ ‘ಖಾಲಿ’ ಎಂದಿತ್ತು. ಕಚೇರಿಗೆ ವಾಹನ ನಿಲ್ಲಿಸಲು ಅಂಥದೇ ಜಾಗ ಬೇಕಿತ್ತು.

ನಾಲ್ಕು ಸಲ ಹೋಗಿ ನೋಡಿದ್ದೇನೆ, ನರಪಿಳ್ಳೆಯೂ ಇರಲಿಲ್ಲ ಎಂದು ಹುಡುಗಿ ವಾದಿಸಿದಳು. ಯಾವ ವಾರ ಎಂದು ಕೇಳಿದರೆ, ತರಗತಿ ತಪ್ಪಬಾರದೆಂದು ನಾಲ್ಕೂ ಸಲ ಭಾನುವಾರವೇ.

“ಭಾನುವಾರ ನಮ್ಮ ಯೂನಿವರ್ಸಿಟೀನೂ ಖಾಲೀನೇ ಅಲ್ವೇನಮ್ಮ?” ಎಂದು ಮೇಡಂ ಪೆನ್ನು ಮುಚ್ಚಿದರು.

ಕುತೂಹಲ ತಡೆಯದೆ, ಜಾಗ ನೋಡಲು ಹೊರಟ ಅವರಿಬ್ಬರ ಹಿಂದೆ ನಾನೂ ಹೊರಟೆ. ಆ ತ್ರಿಕೋನದ ತುಂಬ ಬಿಳಿಯ ಹಾಸಿಗೆ ಬಟ್ಟೆ! ಆಸ್ಪತ್ರೆಯ ಬಟ್ಟೆ ಒಗೆಯುವ ಹತ್ತು ಮನೆಗಳವರು ಕಂಬ ನೆಟ್ಟು ಹಗ್ಗ ಬಿಗಿದು, ಸಾಲುಸಾಲಾಗಿ ಒಣಗಿಸುತ್ತಿದ್ದರು. ಶನಿವಾರ ಸಂಜೆ ಕಂಬಗಳನ್ನು ಕಿತ್ತು ಮನೆಗೆ ಒಯ್ಯುವುದು, ಸೋಮವಾರ ಮತ್ತೆ ನೆಡುವುದು ಅವರ ರೂಢಿ. ಕಂಬದ ಕುಳಿಗಳನ್ನು ಹುಡುಗಿ ಕಂಡಿದ್ದಳು. ಹಳೆಯ ಬೇಲಿಯದಿರಬೇಕೆಂದು ಬಿಟ್ಟಿದ್ದಳು. ಒಬ್ಬ ಮುದುಕಿ ಅವಳನ್ನು ನೋಡಿ, “ಸ್ವಲ್ಪ ಸರಿಯವ್ವ, ನೆರಳು ಬೀಳ್ತಾ ಇದೆ” ಎಂದಳು. ಹುಡುಗಿ ಸರಿದು ನಿಂತಳು. ಅವಳ ಮುಖ ಸಣ್ಣದಾಗಿತ್ತು.

ಆ ಬಡಾವಣೆಯ ‘ಖಾಲಿ’ಗಳನ್ನೆಲ್ಲ ವಾರದ ಏಳು ದಿನವೂ ನೋಡಿ ಬಾ ಎಂದು ಮೇಡಂ ಅಪ್ಪಣೆಯಾಯಿತು. ನಕ್ಷೆ ಹತ್ತು ದಿನ ತಡವಾಗಿ ಹೋಯಿತು. ವಾಹನಗಳಿಗೆ ಬೇರೆಲ್ಲೋ ಜಾಗ ಸಿಕ್ಕಿತು. ಕೆಲಸ ಇನ್ಯಾರ ಪಾಲೋ ಆಯಿತು. ಹುಡುಗಿ ಒಂದು ತಿಂಗಳು ಮೇಡಂ ಕಂಡರೆ ಮುಖ ತಿರುಗಿಸಿದಳು. ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆ ತ್ರಿಕೋನವೊಂದನ್ನು ತಿದ್ದಿ ಅಂದೇ ಸಹಿ ಹಾಕಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೇಳಿಯೇಬಿಟ್ಟೆ.

ಆಕೆ ಕೋಟಿನ ಗುಂಡಿ ತಿರುವುತ್ತ ಕಾರಿಡಾರನ್ನು ತೋರಿಸಿದರು. “ಇದು ನನ್ನ ನಕ್ಷೇಲಿ ಖಾಲಿ ಜಾಗ” ಎಂದರು.

ಇಲ್ಲಿಯೇ ವಿದ್ಯಾರ್ಥಿನಿಯಾಗಿದ್ದಾಗ ಪರೀಕ್ಷೆಗೆಂದು ಈ ಆವರಣದ ಅಂಚನ್ನು ಆಕೆ ನಕ್ಷೆ ಮಾಡಿದ್ದರಂತೆ. ಹೋದದ್ದು ಜಡಿಮಳೆಯ ವಾರ. ಉದ್ದನೆಯ ಒಂದು ಪಟ್ಟಿ ನೆಲ ಬರಿದಾಗಿ ಬಿದ್ದಿತ್ತು. ‘ಖಾಲಿ’ ಎಂದು ಬರೆದರು. ಚಿನ್ನದ ಪದಕ ಬಂತು. ನಕ್ಷೆ ಕಡತ ಸೇರಿ, ಎರಡೇ ವರ್ಷದಲ್ಲಿ ಅಲ್ಲಿ ಈ ಕಟ್ಟಡದ ಪಾಯ ತೋಡಿದರು. ಆಗ ಕಿರಿಯ ಅಧ್ಯಾಪಕಿಯಾಗಿದ್ದ ಆಕೆಯ ಬಳಿಗೆ, ಆ ಪಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದವರ ಪೈಕಿ ಮುದುಕನೊಬ್ಬ ಬಂದ. ನಾರು ತೇವವಾದರೆ ಹುರಿ ನಿಲ್ಲದ್ದರಿಂದ ಮಳೆಯಲ್ಲಿ ಅವರು ಹೊಸೆಯುತ್ತಿರಲಿಲ್ಲ; ಬಿಸಿಲು ಬಂದರೆ, ಹೊಸೆಯುತ್ತ ಹೊಸೆಯುತ್ತ ಹಿಂದಕ್ಕೆ ನಡೆಯಲು ಅಷ್ಟುದ್ದದ ನೆಲ ಬೇಕೇಬೇಕು. ಮುದುಕ ಬೈಯಲಿಲ್ಲವಂತೆ, ಅಳಲೂ ಇಲ್ಲವಂತೆ.

“‘ಖಾಲಿ ಇರಲಿಲ್ಲ ತಾಯಿ, ಖಾಲಿ ಇಟ್ಕೊಂಡಿದ್ವಿ’ ಅಂದ. ‘ನೂರಾ ಹನ್ನೆರಡು ಹೆಜ್ಜೆ’ ಅಂದ. ಎಲ್ಲಿ ಹೋದ್ರೋ, ಆಮೇಲೆ ಹುಡುಕಿದ್ರೂ ಸಿಗಲಿಲ್ಲ.”

ಹದಿನೆಂಟು ವರ್ಷ ನಾನು ಚುಡಾಯಿಸಿದ್ದು ಇದನ್ನೇ. ಅಂದು ಮನೆಗೆ ಹೋಗುವಾಗ ಆ ಕಾರಿಡಾರಿನಲ್ಲಿ ಕಾಲಿಡಲು ನಾಚಿಕೆಯಾಯಿತು.

ಬೀಳ್ಕೊಡುಗೆಯ ದಿನ ಆ ಹುಡುಗಿಯೂ ಬಂದಿದ್ದಳು. ಬೇರೊಂದು ಊರಿನಲ್ಲಿ ಕೆಲಸ ಸಿಕ್ಕಿತ್ತು. ಕೈಯಲ್ಲಿದ್ದ ಆ ಊರಿನ ನಕ್ಷೆಯ ಅಂಚಿನಲ್ಲಿ, ಪ್ರತಿ ಜಾಗವನ್ನೂ ಯಾವ ವಾರ, ಯಾವ ಹೊತ್ತು, ಮಳೆಯೋ ಬಿಸಿಲೋ ನೋಡಿದ್ದು ಎಂದು ಬರೆದಿದ್ದಳು. ಮೇಡಂ ಅದನ್ನು ಬಹಳ ಹೊತ್ತು ಓದಿ, ಅವಳ ತಲೆಯ ಮೇಲೆ ಕೈಯಿಟ್ಟರು.

ತಪ್ಪು ಮಾಡದವರು ಜಗತ್ತಿನಲ್ಲಿ ಯಾರೂ ಇಲ್ಲ. ಬಹುಪಾಲು ಜನ ಮರೆಯುತ್ತಾರೆ, ಕೆಲವರು ಕೊರಗುತ್ತಾರೆ. ಇನ್ನು ಎಲ್ಲೋ ಒಬ್ಬಿಬ್ಬರು ಇರುತ್ತಾರೆ, ತಮ್ಮ ತಪ್ಪಿನ ಉದ್ದವೆಷ್ಟೆಂದು ದಿನವೂ ನಡೆದು ಅಳೆಯುವವರು. ಅಂಥವರು ನಮಸ್ಕಾರಕ್ಕೆ ತಡವಾಗಿ ಉತ್ತರಿಸಿದರೆ, ನಾವು ಕೈಮುಗಿದುಕೊಂಡೇ ಕಾಯಬಹುದು.