ಹೊಟ್ಟೆಯಲ್ಲಿ ಜೋಳವಿದ್ದ ಕೌದಿ

ನನ್ನನ್ನು ಹೊಲಿದ ಕೈ ತಣ್ಣಗಾಯಿತೆಂಬ ಸುದ್ದಿ ಬಂದಾಗ ನಾನು ಒಂದು ಹೊಸ ಶಾಲೆಚೀಲದ ಪಕ್ಕದಲ್ಲಿ ಮಡಚಿಕೊಂಡು ಕುಳಿತಿದ್ದೆ. ಅಂದು ಭಾನುವಾರ. ಮರುದಿನ ಪುಟ್ಟ ನೀಲಾಂಬಿಕೆ ಮೊದಲ ಸಲ ಶಾಲೆಗೆ ಹೋಗುವವಳಿದ್ದಳು. ಇಳಕಲ್ಲಿನಿಂದ ಅವಳ ಸೋದರತ್ತೆ ಬಸಲಿಂಗವ್ವನ ಫೋನು ಬಂತು.

"ತಮ್ಮಾ, ಅವ್ವ ಲಿಂಗೈಕ್ಯಳಾದ್ಲು. ನಸುಕಿನ್ಯಾಗ ಪೂಜಿಗೆ ಕುಂತಾಕಿ ಹಂಗ ವಾಲಿಬಿಟ್ಲು."

ನೀಲಾಂಬಿಕೆಯ ತಂದೆ ಗುರುಸಿದ್ದಪ್ಪ ಫೋನನ್ನು ಕಿವಿಯಿಂದ ಇಳಿಸಲಿಲ್ಲ. ತಾಯಿ ದಾನೇಶ್ವರಿ ಒಲೆಯ ಮೇಲಿನ ಹಾಲನ್ನು ಇಳಿಸಿ ನೆಲಕ್ಕೆ ಕುಳಿತಳು. ಅವರಿದ್ದದ್ದು ಸಮುದ್ರದಾಚೆ, ಮಡಗಾಸ್ಕರದ ರಾಜಧಾನಿಯಲ್ಲಿ. ಮಣ್ಣು ಕೊಡುವ ಹೊತ್ತಿಗೆ ಹೋಗಿ ಮುಟ್ಟುವ ಮಾತೇ ಇರಲಿಲ್ಲ.

ನಾನು ಒಂದು ಕೌದಿ. ಕೂಸಿನ ಅಳತೆಯ ಸಣ್ಣ ಕೌದಿ. ನೀಲಾಂಬಿಕೆ ಹುಟ್ಟಿದ ವರ್ಷ ಅವಳ ಅಜ್ಜಿ ಶಿವಗಂಗವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ನನ್ನನ್ನು ಹೊಲಿದಳು. ಕಡುನೀಲಿ, ದಾಳಿಂಬೆ ಬಣ್ಣ, ಸವೆದ ಕೆಂಪು ದಡಿ, ಎಲ್ಲವೂ ಆ ತಾಯಿಯ ಮೈಯ ಬಿಸುಪನ್ನು ಕಂಡವೇ. ಒಂದೊಂದು ಸಾಲು ಹೊಲಿಯುವಾಗಲೂ ಅವಳ ತುಟಿಯ ಮೇಲೆ ಶಿವನಾಮ. ನನಗೆ ಸಿಕ್ಕ ಮೊದಲ ಸಂಸ್ಕಾರ ಅದು.

ಕೊನೆಯ ಮೂಲೆ ಮುಚ್ಚುವ ಮುನ್ನ ಅವಳು ಒಂದು ಚಿಟಿಕೆ ಬಿಳಿಜೋಳವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ನನ್ನ ನಡುಮಧ್ಯೆ ಇಟ್ಟಳು. ಬಾಣಂತಿ ಸೊಸೆ ನಕ್ಕು, "ಇದ್ಯಾಕ್ರಿ ಅತ್ತಿ?" ಎಂದಳು.

"ಬರೀ ಹೊಟ್ಟೀಲೆ ಕೌದಿ ಕೊಡಬಾರ್ದವ್ವ. ಹಸಿದ ಕೌದಿ ಕೂಸಿನ ನಿದ್ದಿ ತಿಂತೈತಿ."

ಕೂಸು ಆ ಗಂಟನ್ನು ಬೇಗ ಕಂಡುಕೊಂಡಿತು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳುಗಳನ್ನು ಹೊರಳಿಸುತ್ತ ಹೊರಳಿಸುತ್ತ ನಿದ್ದೆ ಹೋಗುವುದು ಅದರ ರೂಢಿಯಾಯಿತು. ಮಾತು ಬರುವ ಹೊತ್ತಿಗೆ ಅಜ್ಜಿಯ ಆ ಮಾತೂ ಅದಕ್ಕೆ ಬಾಯಿಪಾಠವಾಯಿತು.

ಗುರುಸಿದ್ದಪ್ಪನಿಗೆ ಕಲ್ಲು ನೋಡಿ ಗುಣ ಹೇಳುವ ಕೆಲಸ. ಗ್ರಾನೈಟ್ ವ್ಯಾಪಾರಿಗಳು ಅವನನ್ನು ಮಡಗಾಸ್ಕರದ ಗಣಿಗಳಿಗೆ ಕಳಿಸಿದರು. ಹೆಂಡತಿ, ಮಗಳು, ನಾನು ಅವನ ಬೆನ್ನಿಗೆ ಹೋದೆವು. ಮನೆಯ ಹತ್ತಿರ ಇದ್ದದ್ದು ಒಂದೇ ಶಾಲೆ, ಫ್ರೆಂಚ್ ಶಾಲೆ. ನೀಲಾಂಬಿಕೆಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಮುಖ್ಯೋಪಾಧ್ಯಾಯಿನಿ, "ಒಂದು ವಾರ ನೋಡೋಣ. ಮಕ್ಕಳ ಜೊತೆ ಕೂತು, ಮಧ್ಯಾಹ್ನ ಅವರ ಜೊತೆ ಮಲಗಿದರೆ ಜಾಗವುಂಟು. ಇಲ್ಲದಿದ್ದರೆ ಮುಂದಿನ ವರ್ಷ," ಎಂದಿದ್ದಳು. ಜಾಗ ಸಿಗದಿದ್ದರೆ ತಾಯಿಮಗಳು ಇಳಕಲ್ಲಿಗೆ ಮರಳುವುದೆಂದೂ, ಗುರುಸಿದ್ದಪ್ಪ ಒಬ್ಬನೇ ಇರುವುದೆಂದೂ ಮನೆಯಲ್ಲಿ ಮಾತಾಗಿತ್ತು. ಮಲಗುವ ಹೊತ್ತಿಗೆ ಮಗುವಿಗೆ ಪ್ರೀತಿಯದೊಂದು ಬಟ್ಟೆ ತರಬೇಕೆಂಬುದು ಆ ಶಾಲೆಯ ಪದ್ಧತಿ. ಅದಕ್ಕೇ ನಾನು ಚೀಲದ ಪಕ್ಕದಲ್ಲಿದ್ದೆ.

ಅದೇ ಸಂಜೆ ಬಸಲಿಂಗವ್ವ ಮತ್ತೆ ಫೋನು ಮಾಡಿದಳು. "ಸತ್ತವರ ಅರಿವಿ ಕೂಸಿನ ಮೈಮ್ಯಾಲೆ ಬ್ಯಾಡ ಅಂತ ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ. ಇಲ್ಲಿ ಅವ್ವನ ಸೀರಿ ಎಲ್ಲಾ ಕೊಟ್ಟಬಿಟ್ವಿ. ಆ ಕೌದೀನೂ ಯಾರಿಗಾರ ಕೊಟ್ಟಬಿಡ್ರಿ."

ದಾನೇಶ್ವರಿ ನನ್ನನ್ನು ಯಾರಿಗೂ ಕೊಡಲಿಲ್ಲ. ಕಪಾಟಿನ ನೆತ್ತಿಯ ಮೇಲೆ ಇಟ್ಟಳು. ಚೀಲಕ್ಕೆ ಹೂವಿನ ಚಿತ್ರದ ಹೊಸ ಹೊದಿಕೆ ಹೋಯಿತು.

ನಾನು ಮೇಲಿನಿಂದ ಕೇಳಿಸಿಕೊಂಡದ್ದು ಇಷ್ಟು. ಮಗು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಎಲ್ಲರೂ ಮಲಗಿದಾಗ ಹೊದಿಕೆಯ ನಡುವೆ ಬೆರಳಾಡಿಸಿ ಏನನ್ನೋ ಹುಡುಕುತ್ತದೆ. ಸಿಗದೆ ಅಳುತ್ತದೆ. ಅದರ ಅಳುವಿಗೆ ಉಳಿದ ಮಕ್ಕಳೂ ಏಳುತ್ತವೆ. ವಾರ ಮುಗಿಯುತ್ತ ಬಂದಿತ್ತು.

"ಜ್ವಾಳ ಹುಡುಕಾಕತ್ತಾಳ ಅಕಿ," ಎಂದ ಗುರುಸಿದ್ದಪ್ಪ.

"ನನಗೇನ್ ಗೊತ್ತಿಲ್ಲೇನ್ರಿ? ಅಕ್ಕಾರ ಮಾತು ಹೆಂಗ ಮೀರೂದು? ನಾಳೆ ಕೂಸಿಗೊಂದು ಸೀನು ಬಂದ್ರೂ ನನ್ನ ಮ್ಯಾಲೆ ಬರ್ತೈತಿ."

"ಅಪ್ಪ ಹೋದಾಗ ಓಣಿ ಮಂದಿ ಧೋತರ ಬಿಸಾಡ್ರಿ ಅಂದ್ರ ಅವ್ವ ಏನಂದ್ಲು ಗೊತ್ತೈತೇನ? 'ಲಿಂಗವಂತರಿಗೆ ಎಲ್ಲೀ ಸೂತಕ? ಅವರು ಶಿವನ ಕಡೆ ಹೋಗ್ಯಾರ, ಕೆಟ್ಟ ಕಡೆ ಏನ್ ಹೋಗಿಲ್ಲ.' ಅದ ಧೋತರ ನನಗ ಹಾಸಿಗಿ ಮಾಡಿದ್ಲು."

"ಹಂಗಾದ್ರ ನಿಮ್ಮ ಅಕ್ಕಗ ನೀವ ಹೇಳ್ರಿ."

ಅವನು ಹೇಳಿದ. ಆ ಕಡೆಯಿಂದ ಬಸಲಿಂಗವ್ವ ಮೆಲ್ಲಗೆ, "ನಾನೂ ಒಂದು ಸೀರಿ ಮುಚ್ಚಿಟ್ಕೊಂಡೀನಿ ತಮ್ಮಾ. ಓಣಿಗೆ ಗೊತ್ತಿಲ್ಲ. ಕೂಸಿನ ಕೌದಿ ಕೂಸಿಗೆ ಕೊಡ್ರಿ," ಎಂದಳು.

ಮರುದಿನ ನಾನು ಶಾಲೆಗೆ ಹೋದೆ. ಮಲಗುವ ಕೋಣೆಯಲ್ಲಿ ಸಣ್ಣ ಸಣ್ಣ ಮಂಚಗಳು. ನನ್ನನ್ನು ಹಾಸಲು ಬಂದ ಅಧ್ಯಾಪಕಿಯ ಕೈಗೆ ಗಂಟು ತಾಕಿತು. ಧಾನ್ಯವಿದ್ದರೆ ಹುಳ ಬರುತ್ತದೆ, ಬಿಚ್ಚಿ ತೆಗೆಯಬೇಕು ಎಂದು ಅವಳು ಕತ್ತರಿ ತಂದಳು. ಅವಳದು ತಪ್ಪಲ್ಲ. ಮಕ್ಕಳ ಆರೋಗ್ಯ ಅವಳ ಹೊಣೆ. ಆದರೆ ಕತ್ತರಿ ಕಂಡೊಡನೆ ನೀಲಾಂಬಿಕೆ ನನ್ನ ಮೇಲೆ ಬೋರಲು ಬಿದ್ದಳು.

"ಮುಟ್ಟಬ್ಯಾಡ. ಅದು ಅದರ ಊಟ. ಉಪಾಸ ಕೆಡವಿದ್ರ ನನ್ನ ನಿದ್ದಿ ತಿಂತೈತಿ. ಅಜ್ಜೀಗೆ ಹೇಳ್ತೀನಿ ನೋಡು."

ಅಜ್ಜಿ ಇಲ್ಲವೆಂದು ಅವಳಿಗೆ ಆಗ ಇನ್ನೂ ಯಾರೂ ಹೇಳಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಬಂದು, ಅಂಗಳದಲ್ಲೇ ಕಾಯುತ್ತಿದ್ದ ಗುರುಸಿದ್ದಪ್ಪನನ್ನು ಕರೆಸಿದಳು. ಅವನು ತನಗೆ ಬಂದಷ್ಟು ಫ್ರೆಂಚಿನಲ್ಲಿ ಮಗಳ ಮಾತನ್ನು ಹೇಳಿದ. ಈ ಬಟ್ಟೆ ಯಾರದು, ಅವರು ಈಗೆಲ್ಲಿ ಎಂಬುದನ್ನೂ ಹೇಳಿದ. ಮಕ್ಕಳನ್ನು ನೋಡಿಕೊಳ್ಳುವ ಹಾಂತಾ ಎಂಬ ಆ ನಾಡಿನ ಹೆಂಗಸು ನನ್ನ ದಡಿಯನ್ನು ಸವರಿದಳು. "ನಾವು ತೀರಿಹೋದ ಹಿರಿಯರಿಗೆ ಎಷ್ಟೋ ವರ್ಷದ ಮೇಲೂ ಸಮಾಧಿಗೆ ಹೋಗಿ ಹೊಸ ಬಟ್ಟೆ ಹೊದಿಸಿ ಬರುತ್ತೇವೆ. ನಿಮ್ಮ ತಾಯಿ ತಾವೇ ಮುಂಚೆ ಮೊಮ್ಮಗಳಿಗೆ ಹೊದಿಸಿ ಹೋಗಿದ್ದಾರೆ," ಎಂದಳು.

ಮುಖ್ಯೋಪಾಧ್ಯಾಯಿನಿ ಕತ್ತರಿಯನ್ನು ತಾನೇ ಎತ್ತಿಟ್ಟಳು. "ಇಷ್ಟು ದಿನ ಬಾಯಿ ಬಿಡದ ಹುಡುಗಿ ಕೌದಿಯ ಪರವಾಗಿ ವಕಾಲತ್ತು ಮಾಡಿದಳು. ಮಾತು ಅವಳಲ್ಲೇ ಇದೆ. ಭಾಷೆ ನಾವು ಕೊಡುತ್ತೇವೆ. ಕೌದಿಯನ್ನು ಮಾತ್ರ ಆಗಾಗ ಬಿಸಿಲಿಗೆ ಹಾಕಿ."

ಅಂದು ಮಧ್ಯಾಹ್ನ ನನ್ನ ಹೊಟ್ಟೆಯ ಕಾಳುಗಳು ಸ್ವಲ್ಪ ಹೊತ್ತು ಹೊರಳಿ, ನಿಂತವು. ಮಗು ನಿದ್ದೆ ಹೋಗಿತ್ತು.

ಮುಂದೆ ರಜೆ ಬಂದಾಗ ತಾಯಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅಜ್ಜಿಯ ವಿಷಯ ಹೇಳಿದಳು. ಮಗುವಿನ ಕಣ್ಣೀರನ್ನು ನಾನೇ ಹೀರಿದೆ. ಕೌದಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ.

ಈಗ ನನಗೆ ವಯಸ್ಸಾಗಿದೆ. ನೀಲಾಂಬಿಕೆ ಫ್ರೆಂಚಿನಲ್ಲಿ ಜಗಳವಾಡುವಷ್ಟು ಬೆಳೆದಿದ್ದಾಳೆ. ನಾನು ಅವಳ ಪುಸ್ತಕಗಳ ಕೆಳಗಿನ ಹಲಗೆಯ ಮೇಲೆ ಮಲಗಿರುತ್ತೇನೆ. ಹೋದ ವರ್ಷ ನಡುವಿನ ಹೊಲಿಗೆ ಸವೆದು ಎರಡು ಕಾಳು ಹೊರಬಿದ್ದವು. ಬೇರೆ ಜೋಳ ಮನೆಯಲ್ಲಿರಲಿಲ್ಲ. ಅವಳು ಹಾಂತಾಳ ಊರಿನ ಕೆಂಪಕ್ಕಿಯನ್ನು ಚಿಟಿಕೆ ಸೇರಿಸಿ, ಡೊಂಕು ಡೊಂಕಾಗಿ ತಾನೇ ಹೊಲಿದಳು. ಹೊಲಿಯುವಾಗ ತುಟಿ ಅಲುಗುತ್ತಿತ್ತು. ಅಜ್ಜಿಯ ಶಿವನಾಮವೇ.

ತಂದೆಯೇ, ಶಿವನೇ, ನನ್ನ ಹೊಟ್ಟೆ ತುಂಬಿಸಿ ಕಳಿಸಿದ ಆ ತಾಯಿ ನಿನ್ನ ಬಳಿ ಬಂದಿದ್ದಾಳೆ. ಅವಳು ಯಾರನ್ನೂ ಹಸಿದು ಮಲಗಿಸಿದವಳಲ್ಲ. ನಿನ್ನ ಮಡಿಲಲ್ಲಿ ಅವಳಿಗೆ ತುಂಬಿದ ನಿದ್ದೆ ಕೊಡು. ಶಾಂತಿ ಕೊಡು.