ಹೊಲಿಗೆ ಮಾಗಲಿ, ಪೀಪಾಯಿ ಕಾಯಲಿ

ಬೆಟ್ಟದ ಬುಡಕಟ್ಟಿನವರಾದ ನಮ್ಮ ದಾವ್ ಜನರಲ್ಲಿ ಹೆರಿಗೆಯಾದ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಮೂರನೆಯ ದಿನ ಬಾಣಂತಿಯ ಸ್ನಾನಕ್ಕೆ ಕಾಡುಸೊಪ್ಪು ಕುದಿಯುವ ಘಮ ದಾರಿಯವರೆಗೂ ಬರುತ್ತದೆ. ಲೋಮೇಯ್ ಮನೆಯಿಂದ ಆ ಘಮ ಬಂದಾಗ ಮಾತ್ರ ನಾನು ಕೈಲಿದ್ದ ಕೆಲಸ ಬಿಟ್ಟು ಎದ್ದೆ. ಅವಳ ಸೊಸೆ ಕ್ವೇಗೆ ಜಿಲ್ಲಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದು ಒಂಬತ್ತು ದಿನವಾಗಿತ್ತಷ್ಟೆ. ಮನೆಗೆ ಬಂದಿದ್ದು ಹಿಂದಿನ ಸಂಜೆ.

ಪಕ್ಕದ ಮನೆ ನನ್ನದು. ಓಡಿದೆ. ಬಚ್ಚಲಲ್ಲಿ ಸೊಂಟದೆತ್ತರದ ಮರದ ಪೀಪಾಯಿ, ಅದರ ತುಂಬ ಕೆಂಪು ಕಷಾಯ, ಹಬೆಯೋ ಹಬೆ. ಕ್ವೇ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

"ಹೊಲಿಗೆ ಇನ್ನೂ ಹಸಿ ಇದೆಯಲ್ಲೇ ಮಾರಾಯ್ತಿ! ಇವಳನ್ನ ಇದರೊಳಗೆ ಕೂರಿಸ್ತೀಯಾ?" ಅಂದೆ ಲೋಮೇಯ್‌ಗೆ.

"ಕೂರಿಸದೆ? ಈಗಾಗ್ಲೇ ಆರು ದಿನ ತಡ ಆಗಿದೆ. ನಮ್ಮಮ್ಮ ಮಿಂದಳು, ಅಜ್ಜಿ ಮಿಂದಳು, ಅವಳಜ್ಜಿ ಉತ್ತರದ ಬೆಟ್ಟ ದಾಟಿ ಬಂದವಳು, ಅವಳೂ ಮಿಂದಳು. ನಾನು ಮಿಂದು ಹನ್ನೆರಡನೇ ದಿನಕ್ಕೆ ಗದ್ದೆಗಿಳಿದೆ. ನೀನೇನು ಹೊಸದಾಗಿ ಹೇಳೋದು?"

ನಾನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣಲ್ಲಿ ನೀರು ಬಂತು. "ಗಡಿಯಲ್ಲಿ ಗುಂಡು ಹಾರಿ ನಾವೆಲ್ಲ ಊರು ಬಿಟ್ಟು ಓಡಿದ ವರ್ಷ ನಮ್ಮಕ್ಕ ಕಾಡಲ್ಲಿ ಹೆತ್ತಳು. ಒಂದು ಚೊಂಬು ಬಿಸಿನೀರು ಸಿಗಲಿಲ್ಲ ಕಣೇ. ಸಾಯೋ ತನಕ ಸೊಂಟ ಹಿಡ್ಕೊಂಡೇ ನಡೆದಳು. ನನ್ನ ಸೊಸೆಗೂ ಅದೇ ಗತಿ ಬರಬೇಕಾ?"

"ನಾನು ಬರೋ ತನಕ ಇಳಿಸಬೇಡ" ಎಂದು ಬೇಡಿಕೊಂಡು, ನಮ್ಮೂರ ಸೂಲಗಿತ್ತಿ ಸೂ ಎಂಬುವಳನ್ನು ಕರೆತಂದೆ. ಸೂ ಪಟ್ಟಣದಲ್ಲಿ ತರಬೇತಿ ಪಡೆದವಳು. ಅವಳ ತಾಯಿಯೂ ಸೊಪ್ಪು ತರುವವಳೇ.

ಸೂ ಬಂದವಳು ಬೈಯಲಿಲ್ಲ. ಪೀಪಾಯಿಗೆ ಬಗ್ಗಿ ಉಸಿರೆಳೆದಳು. "ಆಹಾ! ಎಷ್ಟು ಥರ ಸೊಪ್ಪು ದೊಡ್ಡಮ್ಮ? ಹನ್ನೆರಡಾ?"

"ಹದಿನೇಳು!" ಲೋಮೇಯ್ ಮುಖ ಅರಳಿತು. "ಹೆರಿಗೆಗೆ ಮೊದಲೇ ಮೂರು ದಿನ ಕಾಡು ಅಲೆದು ತಂದಿಟ್ಟಿದ್ದೆ."

"ಇಂಥ ನೀರು ಈ ಕಣಿವೆಯಲ್ಲಿ ಇನ್ಯಾರ ಮನೇಲೂ ಇಲ್ಲ. ಮೈನೋವು ಇಳಿಯುತ್ತೆ, ಕೈಕಾಲು ಹಗುರ ಆಗುತ್ತೆ, ಒಳ್ಳೆ ನಿದ್ದೆ ಬರುತ್ತೆ. ನಾನೂ ಹೆತ್ತು ಮಿಂದವಳೇ. ಅದಿರಲಿ, ಹೋದ ತಿಂಗಳು ನಿಮ್ಮಲ್ಲಿಗೆ ದುಡ್ಡು ಕೊಟ್ಟು ಸೊಪ್ಪಿನ ಸ್ನಾನ ಮಾಡೋಕೆ ಬಂದ ಆ ವಿದೇಶಿ ಪ್ರವಾಸಿ ಹುಡುಗನ್ನ ಯಾಕೆ ವಾಪಸ್ ಕಳಿಸಿದ್ರಿ?"

"ಮೊಣಕಾಲು ತರಚಿಕೊಂಡು ಬಂದಿದ್ದ. ಗಾಯ ಇಟ್ಕೊಂಡು ಪೀಪಾಯಿಗಿಳಿದ್ರೆ ಕೀವಾಗಲ್ವಾ? ಮಾಗಲಿ, ಆಮೇಲೆ ಬಾ ಅಂದೆ."

"ಹಾಗಾದ್ರೆ ವಿದೇಶಿ ಮೊಣಕಾಲಿಗೆ ಸಿಕ್ಕ ಮರ್ಯಾದೆ ಸೊಸೆ ಹೊಟ್ಟೆಗೆ ಇಲ್ವಾ ದೊಡ್ಡಮ್ಮ?"

ಲೋಮೇಯ್ ತಿರುಗಿದಳು. ಸೊಸೆಯ ಹೊಟ್ಟೆಯ ಕಡೆಗೇ ನೋಡಿದಳು. "ನಮ್ಮ ಕಾಲದಲ್ಲಿ ಹೊಟ್ಟೆ ಕೊಯ್ಯೋದು ಎಲ್ಲಿತ್ತು... ಅಯ್ಯೋ, ನಂಗೆ ಹೊಳೀಲೇ ಇಲ್ಲವಲ್ಲ" ಎಂದು ಅಲ್ಲೇ ಕುಸಿದು ಕೂತಳು.

"ಸ್ನಾನ ಬೇಡ ಅಂತ ನಾನು ಹೇಳ್ತಿಲ್ಲ. ಒಳಗಿನ ಗಾಯ ಹೊರಗಿನದಕ್ಕಿಂತ ನಿಧಾನ. ಡಾಕ್ಟರು ನೋಡಿ ಹೂಂ ಅನ್ನಲಿ" ಅಂದಳು ಸೂ.

"ನಂಗೆ ಚಳಿ ಚಳಿ ಆಗ್ತಿದೆ ಅಕ್ಕ" ಎಂದಳು ಕ್ವೇ, ಅಳುತ್ತಾ.

ಸೂ ತಕ್ಷಣ ಜ್ವರ ನೋಡಿದಳು. ಇರಲಿಲ್ಲ. ಹೊಲಿಗೆ ನೋಡಿದಳು. ಕೆಂಪಾಗಿರಲಿಲ್ಲ, ಒಸರುತ್ತಲೂ ಇರಲಿಲ್ಲ. "ಜ್ವರ ಬಂದ್ರೆ, ಕೀವು ಕಂಡ್ರೆ ಆಸ್ಪತ್ರೆಗೇ ಓಡಬೇಕು, ಸೊಪ್ಪಿಗಲ್ಲ. ಈಗ ಬೆಚ್ಚಗೆ ಹೊದ್ದು ಕೂತ್ಕೋ. ಹೊಟ್ಟೆ ಒದ್ದೆ ಆಗದ ಹಾಗೆ ಅತ್ತೆ ಕಾಲಷ್ಟೇ ತೊಳೀತಾರೆ."

ಲೋಮೇಯ್ ಬೋಗುಣಿಗೆ ಕಷಾಯ ಮೊಗೆದು, ಮೊಣಕೈ ಅದ್ದಿ ಬಿಸಿ ನೋಡಿ, ಸೊಸೆಯ ಎರಡೂ ಪಾದ ಅದರಲ್ಲಿಟ್ಟು ಉಜ್ಜಿದಳು. ಉಜ್ಜುತ್ತಾ ಉಜ್ಜುತ್ತಾ "ಇಷ್ಟೊಂದು ನೀರು ಚೆಲ್ಲೋದಾ?" ಎಂದು ಗೊಣಗಿದಳು.

"ಚೆಲ್ಲೋದ್ಯಾಕೆ? ಎಂಟು ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಮುದುಡಿ ಮಲಗಿದ್ದು ಯಾರು? ನೀವೇ ಇಳೀರಿ. ಆದ್ರೆ ಖಾಲಿ ಹೊಟ್ಟೇಲಿ ಇಳೀಬಾರದು, ಊಟ ಆಗಿದೆಯಾ?" ಅಂದಳು ಸೂ.

"ಆಗಿದೆ."

"ಜೋಳದ ಸಾರಾಯಿ ಕುಡಿದಿಲ್ಲ ತಾನೆ?"

"ಥೂ! ಕುಡಿದು ಪೀಪಾಯಿಗಿಳಿಯೋದು ನನ್ನ ಗಂಡನ ಬುದ್ಧಿ. ತಲೆ ತಿರುಗಿ ಬಿದ್ದಿದ್ದ, ನಾನೇ ಎಳೆದು ಹಾಕಿದ್ದೆ."

ನಕ್ಕು ನಕ್ಕು ಕ್ವೇ ಹೊಟ್ಟೆ ಹಿಡಿದುಕೊಂಡಳು. ಲೋಮೇಯ್ ಕಾಲು ಗಂಟೆ ಕೂತು, ಕೆಂಪಗಾಗಿ ಮೇಲೆದ್ದಳು. ತಲೆ ತಿರುಗಿದರೆ ಹಿಡಿಯಲು ನಾನು ಪಕ್ಕದಲ್ಲೇ ಇದ್ದೆ, ಹಬೆ ಹೋಗಲು ಬಾಗಿಲು ತೆರೆದಿತ್ತು.

ಏಳನೆಯ ವಾರ ಡಾಕ್ಟರು ಗಾಯ ನೋಡಿ ಒಪ್ಪಿದರು. ಲೋಮೇಯ್ ಮತ್ತೆ ಕಾಡಿಗೆ ಹೋಗಿ ಸೊಪ್ಪು ತಂದಳು. ಕ್ವೇ ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿದಳು. ಆಮೇಲೆ, "ಅತ್ತೆ, ಈಗ ನನ್ನ ಮೈ ನನಗೆ ವಾಪಸ್ ಬಂತು. ಆ ಹದಿನೇಳೂ ಸೊಪ್ಪು ನಂಗೂ ತೋರಿಸಿಕೊಡ್ತೀರಾ?" ಅಂದಳು.

ಲೋಮೇಯ್ ಬುಟ್ಟಿಯಲ್ಲಿ ಉಳಿದಿದ್ದ ಒಂದು ಎಲೆ ಎತ್ತಿ ಸೊಸೆಯ ಕೈಗಿಟ್ಟಳು.

ಅಕ್ಕತಂಗಿಯರೇ, ನಮ್ಮ ಹಿರಿಯರು ಕಾಡಿನಿಂದ ಹೆಕ್ಕಿ ಕೊಟ್ಟ ಈ ಸ್ನಾನ ದೊಡ್ಡ ಆಸ್ತಿ. ಬಿಡಬೇಡಿ, ಸೊಸೆಗೂ ಮಗಳಿಗೂ ಕಲಿಸಿ. ಆದರೆ ನಿಮ್ಮ ಮನೆಯ ಬಾಣಂತಿಗೆ ಹೊಲಿಗೆ ಬಿದ್ದಿದ್ದರೆ, ಸೊಪ್ಪು ಕುದಿಸುವ ಮೊದಲು ಆರೋಗ್ಯ ಕಾರ್ಯಕರ್ತೆಯನ್ನು ಕರೆಯಿರಿ. ಏಳು ವಾರ ಕಾದರೆ ಸೊಪ್ಪೇನೂ ಮುನಿಸಿಕೊಳ್ಳುವುದಿಲ್ಲ.